ಕೇರಿನ ಎರಡು ಚುಕ್ಕೆ

ನನಗೆ ಹೇಸಿಗೆ ಹೆಚ್ಚು. ಚಿಕ್ಕಂದಿನಿಂದ ಹಾಗೆಯೇ ಎಂದು ಅವ್ವ ಹೇಳುತ್ತಿದ್ದಳು. ಬೇರೆಯವರು ಕುಡಿದಿಟ್ಟ ಲೋಟ, ಬಾಚಣಿಕೆಯಲ್ಲಿ ಸಿಕ್ಕಿಕೊಂಡ ಕೂದಲು, ತಟ್ಟೆಯ ಅಂಚಿಗೆ ಒಣಗಿ ಹಿಡಿದ ಅನ್ನದಗುಳು, ಇವನ್ನು ಕಂಡರೆ ಗಂಟಲಲ್ಲಿ ಏನೋ ಬಂದು ಕೂತಂತಾಗುತ್ತದೆ. ಹೆಂಗಸರಲ್ಲಿ ಇದನ್ನು ಶುಚಿ ಎಂದು ಹೊಗಳುವುದುಂಟು. ನನ್ನನ್ನೂ ಹೊಗಳಿದ್ದಾರೆ. ಆ ಶುಚಿಯಿಂದ ನನ್ನ ತಂಗಿಯ ಮೈಗೆ ಏನಾಯಿತು, ಆಮೇಲೆ ನಾನು ಏನು ಮಾಡಿದೆ ಎಂದು ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೂ ಹೇಳುವುದು ನೆಟ್ಟಗಿರಲಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ದಾವಣಗೆರೆಯ ಚೌಕಿಪೇಟೆಯ ಹಿಂದಿನ ಓಣಿಯಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಗಿರಣಿಯಿಂದ ಬಂದ ಬಟ್ಟೆಯ ತಾನುಗಳಲ್ಲಿ ಮಾರದೆ ಉಳಿದ ತುಂಡುಗಳು ಮನೆಗೆ ಬರುತ್ತಿದ್ದವು. ಹಾಗಾಗಿ ನನಗೂ ತಂಗಿಗೂ ಕುಪ್ಪಸಗಳೆಲ್ಲ ಒಂದೇ ತಾನಿನವು. ಅವಳು ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಮೈಯಳತೆ ಒಂದೇ. ಒಗೆದು ಬಂದ ಗಂಟು ಬಿಚ್ಚಿದರೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಅವಳಿಗೆ ಅದರ ಚಿಂತೆಯಿಲ್ಲ, ಕೈಗೆ ಸಿಕ್ಕಿದ್ದನ್ನು ತೊಡುತ್ತಿದ್ದಳು. ನನಗೆ ಹಾಗಲ್ಲ. ಅವಳ ಬೆವರು ಕುಡಿದ ಕುಪ್ಪಸ ಎಷ್ಟು ಒಗೆದರೂ ಅವಳದೇ. ಕಂಕುಳಿನ ಹೊಲಿಗೆಗೆ ಮೂಗಿಟ್ಟು ನೋಡಿ, ಅನುಮಾನ ಬಂದರೆ ಎಸೆದುಬಿಡುತ್ತಿದ್ದೆ.

"ಅಕ್ಕ ಎಲ್ಲಿಗೆ ಹೊಂಟ್ರೂ ಆಕಿ ಮೂಗು ಮೊದ್ಲು ಹೋಗಿ ನೋಡ್ಕಂಡು ಬರ್ತೈತೆ," ಎಂದು ತಂಗಿ ಆಡಿಕೊಳ್ಳುತ್ತಿದ್ದಳು. "ಆಮ್ಯಾಲೆ ಆಕಿ ಹೋಗ್ತಾಳೆ."

ನಮ್ಮ ಮನೆಯ ಬಟ್ಟೆ ಒಯ್ಯಲು ಮಡಿವಾಳರ ಅಜ್ಜಿಯೊಬ್ಬಳು ಬರುತ್ತಿದ್ದಳು. ಮನೆಮನೆಯ ಬಟ್ಟೆ ಬೆರೆಯದ ಹಾಗೆ ಸೀರೆ, ಪಂಚೆಗಳ ಮೂಲೆಗೆ ಕೇರುಕಾಯಿಯ ಗುರುತು ಹಾಕುವುದು ಅವರ ಪದ್ಧತಿ. ಕೇರು ಕಪ್ಪಗೆ ಹೊಳೆಯುವ ಕಾಯಿ. ಸೂಜಿಯಲ್ಲಿ ಚುಚ್ಚಿದರೆ ಎಣ್ಣೆಯಂಥ ರಸ ಬರುತ್ತದೆ. ಅದನ್ನು ಬಟ್ಟೆಗೆ ಒತ್ತಿ ಮೇಲೆ ಸುಣ್ಣ ಸವರಿದರೆ ಕಪ್ಪಗೆ ಕೂರುತ್ತದೆ, ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ನಮ್ಮ ಮನೆಯ ಗುರುತು ಮೂರು ಸಣ್ಣ ಗೀಟು. ಕುಪ್ಪಸಗಳನ್ನು ಸೀರೆಯೊಳಗೆ ಸುತ್ತಿ ಒಯ್ಯುತ್ತಿದ್ದರಿಂದ ಅವಕ್ಕೆ ಗುರುತಿರಲಿಲ್ಲ. ಒಂದು ದಿನ ನಾನೇ ಅಜ್ಜಿಯನ್ನು ನಾಲ್ಕು ಕಾಯಿ ಕೇಳಿದೆ.

"ಯಾಕವ್ವಾ? ಅದು ಹುಡುಗಾಟದ ಕಾಯಿ ಅಲ್ಲ," ಎಂದಳು. "ಕೆಲವ್ರ ಮೈಗೆ ಆಗಲ್ಲ ಅದು. ಕೈಗೆ ಎಣ್ಣಿ ಸವರ್ಕಂಡು ಮುಟ್ಟು."

ನಾನು ಕೈಗೆ ಎಣ್ಣೆ ಸವರಿಕೊಂಡೆ. ಅಜ್ಜಿಯ ಮಾತಿನಲ್ಲಿ ನನಗೆ ಕೇಳಿಸಿದ್ದು ಅಷ್ಟೇ, ನನ್ನ ಕೈಯ ವಿಷಯ. ತಂಗಿಯ ಕುಪ್ಪಸಗಳನ್ನು ಒಂದೊಂದಾಗಿ ತಿರುವಿ, ಕುತ್ತಿಗೆಯ ಹಿಂಭಾಗದ ಒಳಗಡೆ ಎರಡೆರಡು ಚುಕ್ಕೆ ಇಟ್ಟೆ. ಅವಳು ಪಕ್ಕದಲ್ಲೇ ಮಂಡಕ್ಕಿ ತಿನ್ನುತ್ತ ಕೂತಿದ್ದಳು.

"ನಂದಕ್ಕೇ ಯಾಕ? ನಿಂದಕ್ಕೆ ಹಾಕ್ಕ."

"ಇಬ್ರಾಗೆ ಒಬ್ರುದಕ್ಕೆ ಇದ್ರೆ ಸಾಕು."

"ಹಂಗಾದ್ರೆ ನಾನು ನಿಮ್ಮ ಮನಿ ದನ ಆದೆ. ಬರೆ ಬಿತ್ತಲ್ಲ," ಎಂದು ನಕ್ಕಳು.

ಸ್ವಲ್ಪ ದಿನಕ್ಕೆ ಅವಳ ಕುತ್ತಿಗೆಯ ಹಿಂದೆ ತುರಿಕೆ ಶುರುವಾಯಿತು. ಮೊದಲು ಕೆಂಪಾಯಿತು, ಆಮೇಲೆ ನೀರುಗುಳ್ಳೆ. ಗುಳ್ಳೆ ಒಡೆದು ನೀರು ಸೋರಿ, ಸೋರಿದಲ್ಲೆಲ್ಲ ಹಬ್ಬಿತು. ಅವ್ವ ಬೇವಿನ ಸೊಪ್ಪು, ಅರಿಸಿನ ಅರೆದು ಹಚ್ಚಿದಳು. ಯಾರೋ ಹೇಳಿದರೆಂದು ಗಂಧಕದ ಮುಲಾಮು ತಂದಳು. ತುರಿಸಿ ತುರಿಸಿ ಕೀವಾಯಿತು. ಬೆಳಿಗ್ಗೆ ಎದ್ದರೆ ಕುಪ್ಪಸ ಗಾಯಕ್ಕೆ ಅಂಟಿರುತ್ತಿತ್ತು. ಬಿಸಿನೀರು ಹಚ್ಚಿ ಬಿಡಿಸುವಾಗ ಬಟ್ಟೆಯ ಜೊತೆ ಹಕ್ಕಳೆ ಕಿತ್ತು ಬರುತ್ತಿತ್ತು. ಹಳದಿ ಕೀವು, ಬೇವು, ಗಂಧಕ ಎಲ್ಲ ಕೂಡಿದ ಆ ವಾಸನೆಗೆ ನೊಣಗಳು ಅವಳ ಹಿಂದೆಯೇ ಸುತ್ತುತ್ತಿದ್ದವು. ಅವಳು ಅಡಿಗೆಮನೆಗೆ ಬಂದರೆ ನಾನು ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗುತ್ತಿದ್ದೆ. ಅವಳ ಚಾಪೆ ಬೇರೆ, ಲೋಟ ಬೇರೆ ಮಾಡಿಸಿದ್ದು ಅವ್ವನಲ್ಲ, ನಾನು. ಅವಳು ಬಿಚ್ಚಿದ ಕುಪ್ಪಸವನ್ನು ಒಲೆಯ ಇಕ್ಕಳದಲ್ಲಿ ಹಿಡಿದು ಬುಟ್ಟಿಗೆ ಹಾಕುತ್ತಿದ್ದೆ. ಒಂದು ಸಲವೂ ಆ ಗಾಯವನ್ನು ನಾನು ಸರಿಯಾಗಿ ನೋಡಲಿಲ್ಲ. ಹೇಸಿಗೆ ಪಡುವವರಿಗೆ ಕಣ್ಣು ಮುಚ್ಚಿಕೊಳ್ಳುವುದೇ ಮೊದಲ ಕೆಲಸ.

ಇಷ್ಟಾದ ಮೇಲೆ ಅವಳ ಕುಪ್ಪಸ ನನ್ನದರ ಜೊತೆ ಬೆರೆಯುವುದುಂಟೆ? ಹಳೆಯ ಚುಕ್ಕೆಗಳ ಮೇಲೆ ಮತ್ತೆ ಕೇರು ಒತ್ತಿದೆ. ದೂರದಿಂದಲೇ ಕಾಣಬೇಕೆಂದು ದಪ್ಪಗೆ ಒತ್ತಿದೆ. ಸುಣ್ಣ ಸವರುವ ತಾಳ್ಮೆಯೂ ಇರುತ್ತಿರಲಿಲ್ಲ. ಗಾಯ ಹೆಚ್ಚಾದ ಹಾಗೆಲ್ಲ ಗುರುತು ಕಪ್ಪಾಗುತ್ತ ಹೋಯಿತು.

ನಾವು ಲಿಂಗ ಕಟ್ಟುವ ಜನ. ಲಿಂಗದ ಕರಡಿಗೆಯನ್ನು ಹೊತ್ತ ಶಿವದಾರ ಕುತ್ತಿಗೆಯಲ್ಲಿ ಇರಲೇಬೇಕು, ಅದನ್ನು ಬಿಚ್ಚಿಡುವುದೆಂದರೆ ಜೀವ ಬಿಚ್ಚಿಟ್ಟಂತೆ. ಆ ಶಿವದಾರ ಕೂರುವ ಜಾಗದಲ್ಲೇ ಗಾಯವಾದದ್ದು ಮನೆಯಲ್ಲಿ ಎಲ್ಲರಿಗೂ ಕಂಡಿತು. ಮನೆಗೆ ಬರುತ್ತಿದ್ದ ಅಯ್ಯನವರು ದೂರದಿಂದಲೇ ನೋಡಿ, ವಾಸಿಯಾಗುವವರೆಗೆ ದಾರ ಬಿಚ್ಚಿ ಲಿಂಗವನ್ನು ದೇವರ ಗೂಡಿನಲ್ಲಿಡಿ ಎಂದರು. ಅವರು ಹೇಳಿದ್ದು ಗಾಯಕ್ಕೆ ತೊಂದರೆಯಾಗದಿರಲಿ ಎಂದಿರಬಹುದು. ಓಣಿಯಲ್ಲಿ ಬೇರೆ ಮಾತಾಯಿತು. ಆ ಹುಡುಗಿಯ ಮೈಮೇಲೆ ಲಿಂಗ ನಿಲ್ಲುತ್ತಿಲ್ಲವಂತೆ, ದೊಡ್ಡ ರೋಗ ಇರಬೇಕು. ತಂಗಿ ಬರಿಗುತ್ತಿಗೆಯಲ್ಲಿ ದೇವರ ಗೂಡಿನ ಮುಂದೆ ಕೂತು, ಕೈ ಚಾಚದೆ ಬರಿದೇ ನೋಡುತ್ತಿದ್ದಳು. ನಗುವುದನ್ನು ಅವಳು ಬಿಟ್ಟದ್ದು ಆಗ.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಮಾತು ನಡೆದಿತ್ತು. ಅವಳನ್ನು ಹರಿಹರಕ್ಕೆ, ಅಪ್ಪನ ಅಕ್ಕನ ಮನೆಗೆ ಕಳಿಸಿದರು. ಅತ್ತೆ ಗಂಡನಿಲ್ಲದವಳು, ಮಕ್ಕಳಿಲ್ಲ, ಹೊಳೆಗೆ ಹತ್ತಿರದ ಮನೆಯಲ್ಲಿ ಒಬ್ಬಳೇ. ಕೀವು ಹತ್ತಿದ ಕುಪ್ಪಸಗಳನ್ನು ನೋಡಿ ಅತ್ತೆ ಅವನ್ನು ಟ್ರಂಕಿನೊಳಗೆ ತುರುಕಿ, ತನ್ನವೇ ಹಳೆಯ ದೊಗಲೆ ಕುಪ್ಪಸಗಳನ್ನು ತೊಡಿಸಿದಳಂತೆ. ಮರುತಿಂಗಳು ಅಪ್ಪ ಹೋಗಿ ನೋಡಿದರೆ ಕುತ್ತಿಗೆಯಲ್ಲಿ ಕಲೆ ಬಿಟ್ಟು ಏನೂ ಇಲ್ಲ. ತುಂಗಭದ್ರೆಯ ನೀರಿನ ಮಹಿಮೆ ಎಂದು ಅವ್ವ ಅಂದಳು. ಅಪ್ಪ ಅವಳನ್ನು ಕರೆದುಕೊಂಡು ಬಂದರು. ಟ್ರಂಕಿನಲ್ಲಿದ್ದ ಕುಪ್ಪಸಗಳು ಒಗೆತಕ್ಕೆ ಹೋಗಿ ಬಂದವು, ಅವಳು ತೊಟ್ಟಳು. ವಾರ ತುಂಬುವುದರೊಳಗೆ ಮತ್ತೆ ಗುಳ್ಳೆ, ಮತ್ತೆ ನೊಣ.

ಆಗ ನಾನು ಅವ್ವನಿಗೆ ಹೇಳಿದೆ: "ಆಕಿ ಹರಿಹರದಾಗೇ ಇರ್ಲಿ ಬಿಡವ್ವ. ಅಲ್ಲಿ ಚಂದಾಗಿ ಇರ್ತಾಳಲ್ಲ." ಅವಳ ಒಳ್ಳೆಯದಕ್ಕೆ ಹೇಳಿದ ಹಾಗೆ ಹೇಳಿದೆ. ಅವ್ವ ಬೇಡವೆನ್ನಲಿಲ್ಲ. ಅಪ್ಪನೂ ತಲೆಯಾಡಿಸಿದರು. ಬಾಗಿಲ ಹಿಂದೆ ನಿಂತಿದ್ದ ತಂಗಿಗೆ ಎಲ್ಲ ಕೇಳಿತ್ತು.

ಕರೆದೊಯ್ಯಲು ಬಂದ ಅತ್ತೆ ಮಾತ್ರ ಒಪ್ಪಲಿಲ್ಲ. "ನನ್ನ ಮನ್ಯಾಗೆ ಹೋಗಿದ್ದು ನಿನ್ನ ಮನ್ಯಾಗೆ ಯಾಕ ಹೊಳ್ಳಿ ಬರ್ತೈತೆ?" ಎಂದು ಅಪ್ಪನನ್ನು ಕೇಳಿದಳು. "ಹೊಳಿ ನೀರು ಅಂತೆ. ನಾನು ಆಕಿಗೆ ಬಾವಿ ನೀರಾಗೆ ಎರದೀನಿ. ಕೂಸನ್ನ ನನ್ನ ಹತ್ರ ಇಟ್ಕಳಾದು ನನಗೇನೂ ಭಾರ ಅಲ್ಲ. ಆದ್ರೆ ರೋಗದಾಕಿ ಅಂತ ಹೆಸ್ರು ಹೊರಿಸಿ ಕಳಸ್ಬ್ಯಾಡ. ಮೊದ್ಲು ಡಾಕ್ಟ್ರಿಗೆ ತೋರ್ಸು."

ಪಿ.ಜೆ. ಬಡಾವಣೆಯಲ್ಲಿ ಚರ್ಮದ ಡಾಕ್ಟರೊಬ್ಬರು ಆಗ ಹೊಸದಾಗಿ ಬಂದಿದ್ದರು. ಅಪ್ಪ, ತಂಗಿ, ನಾನು ಹೋದೆವು. ಡಾಕ್ಟರು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕುತ್ತಿಗೆಯ ಮೇಲಿನ ಕೂದಲು ಸರಿಸಿ, ಬೆರಳಿನಿಂದ ಒತ್ತಿ ನೋಡಿದರು. ಕೀವು ಅವರ ಬೆರಳಿಗೆ ಹತ್ತಿತು. ನಾನು ಗೋಡೆಯ ಕಡೆ ತಿರುಗಿದೆ. ಅವರು ಬಹಳ ಹೊತ್ತು ನೋಡಿದರು.

"ಇದು ಕುಷ್ಠ ಅಲ್ಲ, ಕಜ್ಜಿನೂ ಅಲ್ಲ," ಎಂದರು ಅಪ್ಪನಿಗೆ. "ಯಾವುದೋ ವಸ್ತು ಇವಳ ಮೈಗೆ ಒಗ್ಗುತಾ ಇಲ್ಲ. ಅಲರ್ಜಿ ಅಂತಾರೆ. ಯಾವ ವಸ್ತು ಅಂತ ಹುಡುಕಬೇಕು."

ಅಲರ್ಜಿ ಎಂಬ ಮಾತನ್ನು ನಾವು ಅದೇ ಮೊದಲು ಕೇಳಿದ್ದು. "ಮುಲಾಮು ಏನಾರ ಕೊಡ್ರಿ ಡಾಕ್ಟ್ರೆ," ಎಂದರು ಅಪ್ಪ.

"ಕೊಡ್ತೀನಿ. ಹುಣ್ಣು ಆರುತ್ತೆ, ಮತ್ತೆ ಬರುತ್ತೆ. ಪರೀಕ್ಷೆ ಮಾಡದೆ ಊಹೆ ಮೇಲೆ ಹೋದ್ರೆ ನೀವು ಇಷ್ಟು ದಿನ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ." ಕುತ್ತಿಗೆಗೆ ತಾಗುವುದನ್ನೆಲ್ಲ ತನ್ನಿ ಎಂದರು. ತಲೆಗೆ ಹಚ್ಚುವ ಎಣ್ಣೆ, ಸೀಗೆಪುಡಿ, ಸಾಬೂನು, ವಿಭೂತಿ, ತೊಡುವ ಕುಪ್ಪಸ. ತಂಗಿ ಸಣ್ಣ ದನಿಯಲ್ಲಿ, "ಶಿವದಾರ?" ಎಂದಳು. "ಅದನ್ನೂ ತಾರಮ್ಮ," ಎಂದರು.

ಗಾಯ ಸ್ವಲ್ಪ ಆರಿದ ಮೇಲೆ ಪರೀಕ್ಷೆ ಮಾಡಿದರು. ಅವಳ ಬೆನ್ನಿನ ಕೆಳಗೆ, ಚರ್ಮ ಚೆನ್ನಾಗಿದ್ದ ಕಡೆ, ಪ್ರತಿಯೊಂದನ್ನೂ ಚೂರುಚೂರು ಇಟ್ಟು ಮೇಲೆ ಪಟ್ಟಿ ಅಂಟಿಸಿದರು. ಒಂದು ಎಳೆ ಶಿವದಾರ. ಒಂದು ಹನಿ ಎಣ್ಣೆ. ಕುಪ್ಪಸದಿಂದ ಎರಡು ತುಂಡು ಕತ್ತರಿಸಿದರು, ಒಂದು ತೋಳಿನದು, ಒಂದು ಕುತ್ತಿಗೆಯ ಹಿಂದಿನ ಗುರುತಿದ್ದದ್ದು. ಎರಡು ದಿನ ನೀರು ತಾಗಿಸಬಾರದು, ತುರಿಸಿದರೂ ಕೀಳಬಾರದು. ಆ ಎರಡು ದಿನ ಅವಳು ಚಾಪೆಯ ಮೇಲೆ ಬೋರಲು ಮಲಗಿದ್ದಳು. "ದಾರದ್ದು ಆಗ್ಬಾರ್ದು ಅಷ್ಟೆ," ಎಂದು ಒಮ್ಮೆ ನನಗೆ ಹೇಳಿದಳು. "ಬ್ಯಾರೆ ಏನಾರ ಆಗ್ಲಿ."

ಪಟ್ಟಿ ಬಿಚ್ಚುವ ದಿನ ಡಾಕ್ಟರು ನನ್ನನ್ನು ಹತ್ತಿರ ಕರೆದು ಸೆರಗು ಹಿಡಿದುಕೊಳ್ಳಲು ಹೇಳಿದರು. ಈ ಸಲ ಗೋಡೆಯ ಕಡೆ ತಿರುಗುವಂತಿರಲಿಲ್ಲ. ಶಿವದಾರ ಇಟ್ಟಲ್ಲಿ ಚರ್ಮ ಹೇಗಿತ್ತೋ ಹಾಗೇ ಇತ್ತು. ಎಣ್ಣೆ, ಸೀಗೆ, ಸಾಬೂನು, ವಿಭೂತಿ, ತೋಳಿನ ಬಟ್ಟೆ, ಎಲ್ಲ ಹಾಗೇ. ಕೊನೆಯ ಪಟ್ಟಿ ಎತ್ತಿದರು. ಅಲ್ಲಿ ಕೆಂಪಗೆ ಉಬ್ಬಿದ ಎರಡು ಚುಕ್ಕೆ ಎದ್ದಿದ್ದವು, ಮೇಲೆ ಸಣ್ಣ ನೀರುಗುಳ್ಳೆ. ನಾನು ಇಟ್ಟಷ್ಟೇ ಅಗಲ, ನಾನು ಬಿಟ್ಟಷ್ಟೇ ಅಂತರ. ಆವತ್ತು ಮೊದಲ ಸಲ ನಾನು ನನ್ನ ತಂಗಿಯ ಮೈಯನ್ನು ನೋಡಿದೆ.

"ಕೇರು," ಎಂದರು ಡಾಕ್ಟರು. ತಂಗಿಯನ್ನು ಕೇಳಿದರು: "ಮಾವಿನಕಾಯಿ ಕಚ್ಚಿದರೆ ತುಟಿ ಊದುತ್ತಾ?" ಊದುತ್ತಿತ್ತು. ಚಿಕ್ಕವಳಿದ್ದಾಗ ಸೊನೆ ತಾಗಿ ತುಟಿ ಬಾತು, ನಾವೆಲ್ಲ ಮಂಗನ ಮೂತಿ ಎಂದು ನಕ್ಕಿದ್ದೆವು. "ಮಾವು, ಗೇರು, ಕೇರು ಎಲ್ಲ ಒಂದೇ ಬಳಗ," ಎಂದರು. "ಮೈ ಆಗಲೇ ಹೇಳಿತ್ತು. ನೀವು ಕೇಳಿಸಿಕೊಳ್ಳಲಿಲ್ಲ." ಒಬ್ಬರಿಗೆ ಬದನೆಕಾಯಿ ಆಗುವುದಿಲ್ಲ, ಒಬ್ಬರಿಗೆ ಶೇಂಗಾ, ಒಬ್ಬರಿಗೆ ಧೂಳು, ಇನ್ನೊಬ್ಬರಿಗೆ ಯಾವುದೋ ಮಾತ್ರೆ. ಒಬ್ಬರಿಗೆ ಅನ್ನವಾದದ್ದು ಇನ್ನೊಬ್ಬರಿಗೆ ವಿಷದ ಹಾಗೆ. ಅದು ಪಾಪವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆ ವಸ್ತು ಗೊತ್ತಾಗಿ ಅದರಿಂದ ದೂರ ಇದ್ದರೆ ಅರ್ಧ ಔಷಧಿ ಆದಂತೆ. ಹಾಗೆಂದು ಹೇಳುತ್ತಿರುವಾಗಲೇ ಅಪ್ಪ ಸಾಲಾಗಿ ಸೀನಿದರು. ದಿನಾ ಅಂಗಡಿಯಲ್ಲಿ ಹೊಸ ತಾನು ಬಿಚ್ಚಿದಾಗ ಅವರಿಗೆ ಹಾಗೇ. "ಯಜಮಾನರೇ, ನೀವೂ ಒಂದು ಸಲ ಬನ್ನಿ," ಎಂದು ಡಾಕ್ಟರು ನಕ್ಕರು. ತಂಗಿಯೂ ನಕ್ಕಳು. ಎಷ್ಟೋ ತಿಂಗಳ ಮೇಲೆ.

ಆಮೇಲೆ ಅವರು ಕುಪ್ಪಸವನ್ನು ತಿರುವಿ ಹಿಡಿದು ಕೇಳಿದರು. "ಇಷ್ಟು ದಪ್ಪಗೆ ಯಾರು ಹಾಕಿದ್ದು ಇದನ್ನ?"

ಅಪ್ಪ ನಮ್ಮ ಕಡೆ ನೋಡಿದರು. ತಂಗಿ ನನ್ನ ಕಡೆ ನೋಡಿದಳು.

"ಮಡಿವಾಳರ ಅಜ್ಜಿ," ಎಂದೆ.

ತಂಗಿ ಸೆರಗು ಹೊದ್ದುಕೊಂಡಳು. ಆ ಕೀವಿನ ವಾಸನೆ ನೆನೆದರೆ ಈಗಲೂ ನನಗೆ ಹೊಟ್ಟೆ ತೊಳಸುತ್ತದೆ. ಆ ಎರಡು ಮಾತು ನೆನೆದರೂ ಅದೇ ತೊಳಸು, ಅದೇ ಜಾಗದಿಂದ.

ಆ ಸಂಜೆಯೇ ಅವ್ವ ಅವಳಿಗೆ ಎರೆದು, ವಿಭೂತಿ ಹಚ್ಚಿ, ಗೂಡಿನಲ್ಲಿದ್ದ ಲಿಂಗವನ್ನು ಹೊಸ ಶಿವದಾರದಲ್ಲಿ ಕಟ್ಟಿದಳು. ತಂಗಿ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು ಕೂತುಬಿಟ್ಟಳು. ಅವ್ವ ಬೇರೆ ಲೋಟವನ್ನು ತೊಳೆದು ಎಲ್ಲರ ಲೋಟಗಳ ಜೊತೆ ಇಟ್ಟಳು. ಅವಳು ಮನೆಯ ಮಗಳಾಗಿ ಮತ್ತೆ ಮನೆಗೆ ಬಂದ ಹಾಗೆಯೇ ಆಗಿತ್ತು. ಡಾಕ್ಟರ ಮುಂದೆ ಅಜ್ಜಿಯ ಹೆಸರೆತ್ತದೆ ನಾನು ಸುಮ್ಮನಿದ್ದಿದ್ದರೂ ಸಾಕಿತ್ತು, ಅಥವಾ ನಿಜಕ್ಕೆ ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಮರುದಿನ ಮಡಿವಾಳರ ಅಜ್ಜಿ ಗಂಟು ಹೊತ್ತು ಬಂದಳು. ಅಪ್ಪ ಹೊಸ್ತಿಲಲ್ಲೇ ತಡೆದರು. ಮಗಳ ಮೈ ಹಾಳು ಮಾಡಿದೆ, ಇನ್ನು ಈ ಮನೆಗೆ ಕಾಲಿಡಬೇಡ ಎಂದರು. ಅಜ್ಜಿ ಗಂಟು ಇಳಿಸಿ ಒಂದು ಸೀರೆಯ ಮೂಲೆ ಬಿಚ್ಚಿ ತೋರಿಸಿದಳು. "ನಮ್ಮ ಗುರುತು ಮೂರು ಗೀಟು ಯಜಮಾನ್ರೆ. ನಾನು ಚುಕ್ಕಿ ಇಡಾಕಿ ಅಲ್ಲ."

ಅಪ್ಪನಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಅಜ್ಜಿ ಅವರ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. "ಅವ್ವಾ, ನೀನಾರ ಹೇಳು."

ನಾನು ಒಳಗೆ ಹೋದೆ. ಒಳಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿದೆ. ಹಾಲು ಉಕ್ಕಿರಲಿಲ್ಲ.

ಅಲ್ಲಿಯವರೆಗೂ ನಮ್ಮಲ್ಲೇ ಉಳಿದಿದ್ದ ಅತ್ತೆಯನ್ನು ಬಿಟ್ಟು ಬರುತ್ತೇನೆಂದು ತಂಗಿ ಟ್ರಂಕು ಹಿಡಿದು ಹರಿಹರಕ್ಕೆ ಹೋದಳು. ಬರಲಿಲ್ಲ. ಅಪ್ಪ ಹೋಗಿ ಕರೆದರೆ, ಅತ್ತೆ ಒಬ್ಬಳೇ ಆಗುತ್ತಾಳೆ ಎಂದಳಂತೆ. ಆಮೇಲೆ ನಾನು ರೈಲಿನಲ್ಲಿ ಹೋದೆ. ಅವಳು ಅತ್ತೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕುತ್ತಿಗೆ ಎಲ್ಲ ಹೆಂಗಸರ ಕುತ್ತಿಗೆಯ ಹಾಗಿತ್ತು. ಶಿವದಾರ ಬಿಳುಪಾಗಿ ಕಾಣುತ್ತಿತ್ತು.

"ಯಾವಾಗ ಬರ್ತೀ?" ಎಂದೆ.

"ಅಜ್ಜಿ ಬಂದ್ಲಾ?"

"ಯಾವ ಅಜ್ಜಿ?"

"ನಾಟ್ಕ ಬ್ಯಾಡ ಅಕ್ಕ." ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನೀನು ಡಾಕ್ಟ್ರ ಮುಂದೆ ಯಾಕ ಸುಮ್ಕಿದ್ದಿ ಮತ್ತೆ?" ಎಂದೆ. ತಪ್ಪನ್ನು ಅವಳ ಪಾಲಿಗೂ ಒಂದಿಷ್ಟು ಹಚ್ಚೋಣ ಎನ್ನಿಸಿತ್ತು.

"ನೀನು ಹೇಳ್ತೀಯ ಅಂತ ಸುಮ್ಕಿದ್ದೆ. ಅಲ್ಲಿ ಹೇಳ್ಲಿಲ್ಲ, ಮನಿಗೆ ಬಂದು ಹೇಳ್ತಾಳೆ ಅಂದ್ಕಂಡೆ. ಅಜ್ಜಿ ಬಾಗ್ಲಾಗೆ ನಿಂತಾಗ ಹೇಳ್ತಾಳೆ ಅಂದ್ಕಂಡೆ." ಅವಳು ಬಟ್ಟೆ ಕೊಡವಿ ತಂತಿಗೆ ಹಾಕಿದಳು. "ಕೇರು ಇಟ್ಟಿದ್ದಕ್ಕೆ ನನಗೇನು ಸಿಟ್ಟಿಲ್ಲ ಅಕ್ಕ. ಅದು ನಿನಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೆ?"

ನಾನು ತಂತಿಯ ಮೇಲಿನ ಬಟ್ಟೆಯ ಸುಕ್ಕು ಎಳೆದೆ.

"ನನ್ನ ಮೈ ಹೊಲ್ಸು ಅಂತ ನನ್ನ ಇಲ್ಲಿಗೆ ಕಳಿಸ್ದಿ. ಈಗ ನಿನ್ನ ಹೊಲ್ಸು ಅಜ್ಜಿ ಮ್ಯಾಲೆ ಹಾಕ್ದಿ. ಆ ಮನ್ಯಾಗೆ ಹೆಂಗೆ ಉಣ್ಲಿ ನಾನು? ಆಕಿನ್ನ ಕರಿಸು, ಅಪ್ಪನ ಮುಂದೆ ನಿಂತು ಹೇಳು. ಆವತ್ತೇ ಟ್ರಂಕು ಹಿಡ್ಕಂಡು ಬರ್ತೀನಿ."

"ಆತು," ಎಂದೆ.

ಹೇಳಲಿಲ್ಲ. ಅದೇ ವಾರ ನನಗೆ ಗಂಡು ನಿಶ್ಚಯವಾಯಿತು. ಈಗ ಬೇಡ, ಮದುವೆ ಆಗಲಿ ಎಂದುಕೊಂಡೆ. ಮದುವೆಯಾಯಿತು, ಊರಲ್ಲೇ ಗಂಡನ ಮನೆ. ಮಗುವಾಗಲಿ ಎಂದುಕೊಂಡೆ. ಅಷ್ಟರಲ್ಲಿ ಮಡಿವಾಳರ ಅಜ್ಜಿ ತೀರಿಕೊಂಡಳು. ಆ ಸುದ್ದಿ ಕೇಳಿದಾಗ ನನ್ನ ಎದೆ ಹಗುರಾಯಿತು. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ, ಅದಕ್ಕೆ ಬರೆದೆ. ಕೀವಿನಲ್ಲಿ ಕೈಯಿಟ್ಟರೂ ನನಗೆ ಅಷ್ಟು ಹೇಸಿಗೆ ಆಗಲಾರದು.

ತಂಗಿ ಹರಿಹರದಲ್ಲೇ ಉಳಿದಳು. ಹೊಲಿಗೆ ಕಲಿತು ಮನೆಯಲ್ಲೇ ಮಿಷನ್ ಇಟ್ಟುಕೊಂಡಳು. ಅರವತ್ತರ ದಶಕದ ಕೊನೆಯಲ್ಲಿ ಒಮ್ಮೆ ಅತ್ತೆಗೆ ಹುಷಾರಿಲ್ಲವೆಂದು ನೋಡಲು ಹೋಗಿದ್ದೆ. ಬಾವಿಯಿಂದ ಕೊಡ ಎತ್ತುವಾಗ ಜಾರಿ ಮೈಯೆಲ್ಲ ಒದ್ದೆಯಾಯಿತು. ತಂಗಿ ತನ್ನದೊಂದು ಕುಪ್ಪಸ ತಂದುಕೊಟ್ಟಳು. ನಮ್ಮ ಅಳತೆ ಆಗಲೂ ಒಂದೇ. ಒಗೆದು ಮಡಿಸಿದ್ದ ಕುಪ್ಪಸ. ಕೈಗೆ ತೆಗೆದುಕೊಂಡೆ, ನನಗೇ ಗೊತ್ತಿಲ್ಲದೆ ಕಂಕುಳಿನ ಹೊಲಿಗೆ ಮೂಗಿಗೆ ಹೋಗಿತ್ತು.

"ಬಂತು ನೋಡು," ಎಂದಳು ತಂಗಿ, ಹಾಸಿಗೆಯಲ್ಲಿದ್ದ ಅತ್ತೆಗೆ. "ಮೂಗು ಮೊದ್ಲು ಬಂತು."

ಅತ್ತೆ ಕೆಮ್ಮುತ್ತ ನಕ್ಕಳು. ನಾನು ತಲೆ ತಗ್ಗಿಸಿ ಕುಪ್ಪಸ ತಿರುವಿ ನೋಡಿದೆ. ಹೊಲಿಯಲು ಬಂದ ಬಟ್ಟೆಗಳ ಜೊತೆ ಬೆರೆಯದಿರಲೆಂದು ಕುತ್ತಿಗೆಯ ಹಿಂದೆ, ಒಳಗಡೆ, ಕೆಂಪು ದಾರದಲ್ಲಿ ಎರಡು ಗಂಟು ಹಾಕಿದ್ದಳು. ಏನೂ ಕೇಳದೆ ತೊಟ್ಟುಕೊಂಡೆ. ಬಸ್ಸಿನಲ್ಲಿ ಸೀಟಿಗೆ ಒರಗಿದಾಗಲೆಲ್ಲ ಆ ಗಂಟು ಕುತ್ತಿಗೆಗೆ ಒತ್ತುತ್ತಿತ್ತು. ದಾವಣಗೆರೆಯವರೆಗೂ ಒತ್ತುತ್ತಲೇ ಇತ್ತು. ಬಸ್ಸು ಇಳಿದು ಗಂಡನ ಮನೆಗೆ ಹೋಗದೆ ನೇರ ಅಪ್ಪನ ಅಂಗಡಿಗೆ ಹೋದೆ. ಅಪ್ಪ ತಾನು ಬಿಚ್ಚುತ್ತ ಸೀನುತ್ತಿದ್ದರು. ಸೀನು ನಿಲ್ಲುವವರೆಗೆ ಕಾದೆ. ಆಮೇಲೆ ಹೇಳಿದೆ.

ಅಪ್ಪ ಬಟ್ಟೆಯ ಅಂಚನ್ನು ಬೆರಳಲ್ಲಿ ತೀಡಿದರು. "ಆ ಮುದುಕಿ ಮೂರು ಗೀಟು ಅಂತ ತೋರಿಸಿದ್ಲು," ಎಂದರು. ಅಷ್ಟೇ ಅಂದದ್ದು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ. ಹಿಂದೆ ನನ್ನ ಮುಖದಲ್ಲಿದ್ದ ಹೇಸಿಗೆಯೇ ಅಲ್ಲಿತ್ತು. ನಾನು ತಂಗಿಯನ್ನು ನೋಡುತ್ತಿದ್ದ ಮುಖ.